ಆಫ್ರಿಕಾದ ಇತಿಹಾಸದ ವಾದಗಳನ್ನು ಓದುವುದು ಹೇಗೆ? ಗ್ರೇಟ್ ಜಿಂಬಾಬ್ವೆಯಿಂದ ಶುರು ಮಾಡಿ

ಆಫ್ರಿಕಾದ ಹಳೆಯ ಕಾಲದ ಬಗ್ಗೆ ಏನಾದರೂ ಓದೋಣ ಅಂತ ಹೊರಟರೆ, ಇತಿಹಾಸಕ್ಕಿಂತ ಮೊದಲು ವಾದವೇ ಎದುರಾಗುತ್ತದೆ. ಈಜಿಪ್ಟಿನ ಫರೋಗಳೆಲ್ಲ ಕಪ್ಪು ಜನ ಅಂತ ಒಬ್ಬರು ಹೇಳುತ್ತಾರೆ. ಸಹಾರಾದ ಕೆಳಗೆ ಕಲ್ಲಿನ ಊರು ಕಟ್ಟಿದವರೇ ಇರಲಿಲ್ಲ ಅಂತ ಇನ್ನೊಬ್ಬರು. ಹಡಗಿನಲ್ಲಿ ಸಾಗಿಸಿದ ಗುಲಾಮರು ಒಂದು ಕೋಟಿ ಅಂತ ಒಂದು ವಿಡಿಯೊ ಹೇಳಿದರೆ, ಹತ್ತು ಕೋಟಿ ಅಂತ ಮತ್ತೊಂದು. ಕೊನೆಗೆ ಯಾರನ್ನು ನಂಬಬೇಕು ಅಂತ ಗೊತ್ತಾಗದೆ ಎಷ್ಟೋ ಜನ ಆ ಕಡೆ ತಿರುಗಿ ನೋಡುವುದನ್ನೇ ಬಿಡುತ್ತಾರೆ.

ಹಾಗೆ ಬಿಡಬಾರದು. ಈ ಖಂಡದ ಜನರ ಇತಿಹಾಸವನ್ನು ಇಲ್ಲವೇ ಇಲ್ಲ ಎಂದು ಹೇಳಿದ ಕಾಲ ತೀರಾ ಹಳೆಯದೇನಲ್ಲ. 1963ರಲ್ಲಿ ಆಕ್ಸ್‌ಫರ್ಡ್‌ನ ಪ್ರೊಫೆಸರ್ ಹ್ಯೂ ಟ್ರೆವರ್-ರೋಪರ್, ಕಲಿಸಲು ಆಫ್ರಿಕಾದ ಇತಿಹಾಸ ಅಂತ ಯಾವುದೂ ಇಲ್ಲ, ಇರುವುದು ಅಲ್ಲಿಗೆ ಹೋದ ಯುರೋಪಿಯನ್ನರ ಇತಿಹಾಸ, ಉಳಿದದ್ದು ಕತ್ತಲೆ ಎಂದಿದ್ದರು. ಅವರು ಹಾಗೆ ಹೇಳುವ ಹೊತ್ತಿಗೆ ನೈಜೀರಿಯಾದ ಇಬಾದಾನ್‌ನಲ್ಲಿ ಕೆನೆತ್ ಡಿಕೆಯಂಥವರು ತಮ್ಮ ನಾಡಿನ ಇತಿಹಾಸವನ್ನು ದಾಖಲೆ ಹಿಡಿದು ಬರೆಯುತ್ತಿದ್ದರು.

ವಾದಗಳು ಮುಗಿಯುವುದೇ ಇಲ್ಲ ಅನಿಸಲು ಒಂದು ಕಾರಣವಿದೆ. ಬೇರೆ ಬೇರೆ ಪ್ರಶ್ನೆಗಳನ್ನು ಒಟ್ಟಿಗೆ ಗಂಟು ಕಟ್ಟಿ, ಅದಕ್ಕೆ ಒಂದೇ ಉತ್ತರ ಕೇಳುತ್ತೇವೆ. ಗಂಟು ಬಿಚ್ಚಿದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ಉಳಿದರ್ಧ ನಿಜವಾಗಿ ಓದಲು ಯೋಗ್ಯವಾದದ್ದು. ಬಿಚ್ಚುವುದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಇಡೀ ಖಂಡ ಬೇಡ, ಒಂದು ಜಾಗ ಹಿಡಿಯಿರಿ

ಆಫ್ರಿಕಾದಲ್ಲಿ 54 ದೇಶಗಳಿವೆ, ಸುಮಾರು ಎರಡು ಸಾವಿರ ಭಾಷೆಗಳಿವೆ. "ಆಫ್ರಿಕನ್ನರು ಹೀಗಿದ್ದರು" ಅಂತ ಯಾರಾದರೂ ಶುರು ಮಾಡಿದರೆ ಅಲ್ಲೇ ತಡೆದು, "ಯಾವ ಊರಿನವರು? ಯಾವ ಶತಮಾನದಲ್ಲಿ?" ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಆ ಮಾತಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮೊದಲ ಸಲ ಓದುವವರಿಗೆ ನಾನು ಹೇಳುವ ಜಾಗ ಗ್ರೇಟ್ ಜಿಂಬಾಬ್ವೆ. ಇಂದಿನ ಜಿಂಬಾಬ್ವೆ ದೇಶದ ಮಸ್ವಿಂಗೊ ಪಟ್ಟಣದ ಹತ್ತಿರ ಇದೆ. ಒಂದು ಗುಡ್ಡದ ಮೇಲೆ ಕಲ್ಲಿನ ಕಟ್ಟಡಗಳು, ಕೆಳಗೆ ಕಣಿವೆಯಲ್ಲಿ ಇನ್ನಷ್ಟು, ಜೊತೆಗೆ 'ಗ್ರೇಟ್ ಎನ್‌ಕ್ಲೋಷರ್' ಎಂಬ ಭಾರಿ ಆವರಣ. ಅದರ ಹೊರಗೋಡೆ ಸುತ್ತಳತೆಯಲ್ಲಿ ಸುಮಾರು 250 ಮೀಟರ್, ಎತ್ತರ ಕೆಲವು ಕಡೆ 11 ಮೀಟರ್. ಚೌಕವಾಗಿ ಒಡೆದ ಗ್ರಾನೈಟ್ ಕಲ್ಲುಗಳನ್ನು ಗಾರೆಯೇ ಇಲ್ಲದೆ, ಒಂದರ ಮೇಲೊಂದು ಹೊಂದಿಸಿ ಕಟ್ಟಿದ್ದಾರೆ. ಒಳಗೆ ಗೋಪುರದ ಹಾಗೆ ಮೇಲೆ ಸಪೂರವಾಗುತ್ತಾ ಹೋಗುವ ಗಟ್ಟಿ ಕಲ್ಲಿನ ಕಟ್ಟಡವೊಂದಿದೆ. ಬಳಪದ ಕಲ್ಲಿನಲ್ಲಿ ಕೆತ್ತಿದ ಹಕ್ಕಿಗಳು ಇಲ್ಲಿ ಸಿಕ್ಕಿವೆ. 1980ರಲ್ಲಿ ಸ್ವತಂತ್ರವಾದಾಗ ದೇಶ ತನ್ನ ಹೆಸರನ್ನು ತೆಗೆದುಕೊಂಡದ್ದು ಇದೇ ಜಾಗದಿಂದ. ಬಾವುಟದ ಮೇಲಿರುವುದೂ ಇಲ್ಲಿಯ ಹಕ್ಕಿಯೇ.

ಇದನ್ನು ಯಾಕೆ ಆರಿಸಬೇಕು ಅಂದರೆ, ಇಲ್ಲಿಯ ವಾದಕ್ಕೆ ನೂರೈವತ್ತು ವರ್ಷದ ದಾಖಲೆ ಇದೆ. ಯಾರು ಯಾವಾಗ ಏನು ಹೇಳಿದರು, ಆಮೇಲೆ ಏನಾಯಿತು ಎಂಬುದನ್ನು ಪೂರ್ತಿ ಹಿಡಿದು ನೋಡಬಹುದು.

ಹೆಜ್ಜೆ 2: ವಾದ ಮಾಡಿದವರನ್ನು ಇಸವಿ ಪ್ರಕಾರ ಸಾಲಾಗಿ ಬರೆದುಕೊಳ್ಳಿ

ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಇಸವಿ, ಎರಡನೆಯದರಲ್ಲಿ ಹೇಳಿದವರು ಮತ್ತು ಹೇಳಿದ್ದು, ಮೂರನೆಯದರಲ್ಲಿ ಅವರನ್ನು ಕಳಿಸಿದ್ದು ಯಾರು, ಆ ಉತ್ತರದಿಂದ ಯಾರಿಗೆ ಲಾಭ ಅಂತ ಬರೆಯಿರಿ. ಈ ಹೆಜ್ಜೆಗೆ ಸಮಯ ಕೊಡಿ. ಇಡೀ ಕೆಲಸದಲ್ಲಿ ಇದೇ ಹೆಚ್ಚು ಕಲಿಸುವುದು.

ಗ್ರೇಟ್ ಜಿಂಬಾಬ್ವೆಯ ಹಾಳೆ 1871ಕ್ಕೆ ಶುರುವಾಗುತ್ತದೆ. ಜರ್ಮನಿಯ ಕಾರ್ಲ್ ಮೌಖ್ ಅಲ್ಲಿಗೆ ಬಂದ. ಬಾಗಿಲ ಮೇಲಿನ ತೊಲೆಯಿಂದ ಒಂದು ಚಕ್ಕೆ ಕಿತ್ತುಕೊಂಡ. ಅದರ ಬಣ್ಣ, ವಾಸನೆ ತನ್ನ ಪೆನ್ಸಿಲಿನ ಮರದಂತೆಯೇ ಇದೆ, ಹಾಗಾದರೆ ಇದು ಲೆಬನಾನಿನ ದೇವದಾರು, ಹಾಗಾದರೆ ಇದು ಬೈಬಲ್ಲಿನ ಶೀಬಾ ರಾಣಿಯ ಅರಮನೆ ಅಂತ ತೀರ್ಮಾನಿಸಿದ. ಆ ಮರ ಅಲ್ಲಿಯ ಸೀಮೆಯಲ್ಲೇ ಬೆಳೆಯುವ ತಂಬೂಟಿ. ಒಂದು ಮರದ ಚಕ್ಕೆಯಿಂದ ಒಂದು ರಾಣಿಯ ತನಕ ಹೋಗಲು ಅವನಿಗೆ ಮೂರೇ ವಾಕ್ಯ ಸಾಕಾಯಿತು. ಇಂಥ ಸರಪಳಿ ಕಂಡಾಗ ಮೊದಲ ಕೊಂಡಿಯನ್ನೇ ಹಿಡಿದು ಎಳೆದು ನೋಡಿ.

1891ರಲ್ಲಿ ಥಿಯೋಡೋರ್ ಬೆಂಟ್ ಬಂದ. ಖರ್ಚು ಕೊಟ್ಟವರಲ್ಲಿ ಬ್ರಿಟಿಷ್ ಗಣಿ ಉದ್ಯಮಿ ಸೆಸಿಲ್ ರೋಡ್ಸ್ ಇದ್ದ. ಅದಕ್ಕೆ ಒಂದು ವರ್ಷ ಮೊದಲಷ್ಟೇ ರೋಡ್ಸ್‌ನ ಕಂಪನಿಯ ಜನ ಆ ನಾಡಿಗೆ ಬಂದು ಬೀಡುಬಿಟ್ಟಿದ್ದರು. ಹೊರಗಿನಿಂದ ಬಂದವರೇ ಹಿಂದೆ ಇಲ್ಲಿ ಆಳಿದ್ದರು ಎಂದಾದರೆ, ಈಗ ಬಂದವರದು ಅತಿಕ್ರಮಣ ಅಲ್ಲ, ಹಳೆಯ ಮನೆಗೆ ವಾಪಸಾದ ಹಾಗೆ. ಬೆಂಟ್ ಇದನ್ನು ಅರಬ್ ನಾಡಿನಿಂದ ಬಂದ ಪುರಾತನ ಜನರ ಕೆಲಸ ಎಂದ. ಮೂರನೆಯ ಕಾಲಂ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ವಾ?

1902ರಲ್ಲಿ ರಿಚರ್ಡ್ ಹಾಲ್ ಎಂಬಾತನನ್ನು ಜಾಗದ ಉಸ್ತುವಾರಿಗೆ ಹಾಕಿದರು. ಸ್ಥಳೀಯ ಜನರ ಕಸವನ್ನು ಗುಡಿಸಿ ಪ್ರಾಚೀನ ಕಟ್ಟಡವನ್ನು ಹೊರಗೆ ತೆಗೆಯುತ್ತೇನೆ ಅಂತ ಆತ ಗೋಡೆಗಳ ನಡುವಿನ ಮಣ್ಣನ್ನು ಕೆಲವೆಡೆ ಆಳುದ್ದ ತೆಗೆಸಿ ಎಸೆದ. ಆ ಮಣ್ಣಿನ ಪದರಗಳಲ್ಲೇ ಇತಿಹಾಸ ಇತ್ತು. ಯಾವ ನೆಲದ ಮೇಲೆ ಯಾವ ಮಡಕೆ, ಯಾವ ಮಣಿ, ಎಲ್ಲಿ ಒಲೆ ಎಂಬ ಲೆಕ್ಕವೆಲ್ಲ ಹೋಯಿತು. 1904ರಲ್ಲಿ ಆತನನ್ನು ತೆಗೆದುಹಾಕಿದರು. ಆದರೆ ಇವತ್ತಿನ ವಿದ್ವಾಂಸರು ಈ ಜಾಗದ ಬಗ್ಗೆ ಒಮ್ಮತಕ್ಕೆ ಬರಲಾಗದೆ ಒದ್ದಾಡುವುದಕ್ಕೆ ಆ ಎರಡು ವರ್ಷದ ಗುಡಿಸಾಟ ದೊಡ್ಡ ಕಾರಣ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

1905ರಲ್ಲಿ ಡೇವಿಡ್ ರಾಂಡಲ್-ಮ್ಯಾಕೈವರ್ ಬಂದ. ತರಬೇತಿ ಪಡೆದ ಪುರಾತತ್ವಜ್ಞ. ಸಿಕ್ಕ ವಸ್ತುಗಳನ್ನು ನೋಡಿ, ಇದು ಆಫ್ರಿಕಾದವರದೇ ಕೆಲಸ, ಅದೂ ಮಧ್ಯಯುಗದ್ದು ಎಂದ. ಅಲ್ಲಿದ್ದ ಬಿಳಿಯ ವಲಸಿಗರು ಒಪ್ಪಲಿಲ್ಲ. 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಮತ್ತೆ ನೋಡಲು ಹೋದರು. ಅವರು ಮಾಡಿದ ಆಯ್ಕೆಯನ್ನು ಗಮನಿಸಿ. ಎಲ್ಲರ ಕಣ್ಣು ಇದ್ದ ದೊಡ್ಡ ಆವರಣವನ್ನು ಮಾತ್ರ ನೆಚ್ಚಿಕೊಳ್ಳದೆ, ಕಣಿವೆಯಲ್ಲಿ ಯಾರೂ ಹೆಚ್ಚು ಕೆದಕದೆ ಬಿಟ್ಟಿದ್ದ 'ಮೌಂಡ್' ಎಂಬ ಕಟ್ಟಡವನ್ನು ಆರಿಸಿಕೊಂಡರು. ಪದರ ಪದರವಾಗಿ ಇಳಿದರು. ಕೆಳಗಿನಿಂದ ಮೇಲಿನವರೆಗೆ ಸಿಕ್ಕಿದ್ದು ಆ ನಾಡಿನ ಜನರದೇ ಸಾಮಾನು, ಜೊತೆಗೆ ವ್ಯಾಪಾರದಲ್ಲಿ ಬಂದ ಮಣಿಗಳು. ಆ ವರ್ಷ ದಕ್ಷಿಣ ಆಫ್ರಿಕಾದಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಅವರು ಇದನ್ನು ಹೇಳಿದಾಗ ರೇಮಂಡ್ ಡಾರ್ಟ್ ಎದ್ದು ನಿಂತು ಸಿಟ್ಟಿನಿಂದ ಕೂಗಾಡಿದರು. 'ಟೌಂಗ್ ಮಗು'ವಿನ ತಲೆಬುರುಡೆಯನ್ನು ಗುರುತಿಸಿ ಮನುಷ್ಯನ ಮೂಲ ಆಫ್ರಿಕಾದಲ್ಲಿದೆ ಎಂದ ಅದೇ ಡಾರ್ಟ್. ಒಂದು ವಿಷಯದಲ್ಲಿ ಸರಿ ಇದ್ದವರು ಎಲ್ಲದರಲ್ಲೂ ಸರಿ ಇರಬೇಕಿಲ್ಲ.

ವಿದ್ವಾಂಸರ ಮಟ್ಟಿಗೆ ಮುಖ್ಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಸರಕಾರದ ಮಟ್ಟಿಗೆ ಮುಗಿಯಲಿಲ್ಲ. 1965ರಲ್ಲಿ ಇಯಾನ್ ಸ್ಮಿತ್ ನೇತೃತ್ವದ ಬಿಳಿಯರ ಸರಕಾರ ರೊಡೇಷಿಯಾವನ್ನು (ಇಂದಿನ ಜಿಂಬಾಬ್ವೆಯ ಆಗಿನ ಹೆಸರು) ತಾನೇ ಸ್ವತಂತ್ರ ಎಂದು ಘೋಷಿಸಿಕೊಂಡ ಮೇಲೆ, ಇದನ್ನು ಕಪ್ಪು ಜನ ಕಟ್ಟಿದರು ಎಂದು ಸರಕಾರಿ ಪ್ರಕಟಣೆಗಳಲ್ಲಿ ನೇರವಾಗಿ ಹೇಳದಂತೆ ಒತ್ತಡ ಬಂತು. ಸ್ಮಾರಕಗಳ ಇನ್‌ಸ್ಪೆಕ್ಟರ್ ಆಗಿದ್ದ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಟ್ಟರು.

ಹೆಜ್ಜೆ 3: ಯಾವ ಸಾಕ್ಷಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂದು ನೋಡಿ

ಮೂರನೆಯ ಕಾಲಂ ಅನುಮಾನ ಹುಟ್ಟಿಸಲು ಸಾಕು, ತೀರ್ಪು ಕೊಡಲು ಸಾಲದು. ಯಾರೋ ದುಡ್ಡು ಕೊಟ್ಟರು ಎಂಬ ಮಾತ್ರಕ್ಕೆ ವಾದ ಸುಳ್ಳಾಗುವುದಿಲ್ಲ. ಆದ್ದರಿಂದ ಈಗ ವಸ್ತುಗಳ ಕಡೆ ಬನ್ನಿ.

ಮಡಕೆ ಚೂರುಗಳು ಅಲ್ಲಿ ಬದುಕಿದವರ ದಿನನಿತ್ಯದ ರೂಢಿ ಹೇಳುತ್ತವೆ. ಗ್ರೇಟ್ ಜಿಂಬಾಬ್ವೆಯ ಮಡಕೆಗಳು ಇಂದಿಗೂ ಆ ನಾಡಿನಲ್ಲಿರುವ ಶೋನಾ ಭಾಷಿಕರ ಪರಂಪರೆಗೆ ಸೇರಿದವು. ಚೀನಾದ ಪಿಂಗಾಣಿ, ಪರ್ಷಿಯಾದ ಪಾತ್ರೆ, ನಮ್ಮ ದೇಶದಿಂದ ಹೋದ ಗಾಜಿನ ಮಣಿಗಳೂ ಅಲ್ಲಿ ಸಿಕ್ಕಿವೆ. ಪೂರ್ವ ಆಫ್ರಿಕಾ ಕರಾವಳಿಯ ಕಿಲ್ವಾದ ಸುಲ್ತಾನ ಹಸನ್ ಬಿನ್ ಸುಲೈಮಾನ್ ಹೆಸರಿನ 14ನೇ ಶತಮಾನದ ಒಂದು ನಾಣ್ಯವೂ ಸಿಕ್ಕಿದೆ. ಇವು ವ್ಯಾಪಾರಕ್ಕೆ ಸಾಕ್ಷಿ. ಒಳನಾಡಿನ ಚಿನ್ನ ಸೊಫಾಲಾ ಬಂದರಿಗೆ ಹೋಗಿ, ಅಲ್ಲಿಂದ ಸಮುದ್ರ ದಾಟುತ್ತಿತ್ತು ಎಂಬುದಕ್ಕೆ ಸಾಕ್ಷಿ. ಗೋಡೆ ಕಟ್ಟಿದವರು ಯಾರು ಎಂಬುದಕ್ಕೆ ಅಲ್ಲ. ನಮ್ಮ ಮನೆಯಲ್ಲಿ ಚೀನಾದ ಮೊಬೈಲ್ ಇದ್ದರೆ ಮನೆ ಕಟ್ಟಿದ್ದು ಚೀನಾದವರು ಅಂತ ಆಗುತ್ತದೆಯೇ?

ಕಾರ್ಬನ್ ಡೇಟಿಂಗ್, ಅಂದರೆ ಮರ, ಕಾಳಿನಂಥ ಒಮ್ಮೆ ಜೀವವಿದ್ದ ವಸ್ತುವಿನ ಕಾಲ ಅಳೆಯುವ ಪರೀಕ್ಷೆ, ಅದರ ಮೇಲೂ ಕಣ್ಣಿಡಿ. ದೊಡ್ಡ ಆವರಣದ ಗೋಡೆಯೊಳಗೆ ಸಿಕ್ಕಿದ ತಂಬೂಟಿ ಮರದ ತುಂಡನ್ನು 1950ರ ದಶಕದಲ್ಲಿ ಪರೀಕ್ಷೆ ಮಾಡಿದಾಗ 6ರಿಂದ 8ನೇ ಶತಮಾನದ ಸುಮಾರಿನ ಕಾಲ ಬಂತು. ಅದನ್ನು ಹಿಡಿದುಕೊಂಡು ಹಳೆಯ ವಾದಕ್ಕೆ ಮತ್ತೆ ಜೀವ ಕೊಡಲು ಕೆಲವರು ನೋಡಿದರು. ಆಮೇಲೆ ಅದೇ ಮರವನ್ನು ಹೆಚ್ಚು ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಬಂದದ್ದು 14ನೇ ಶತಮಾನ. ಇನ್ನೂ ಒಂದು ಮಾತಿದೆ. ಮರದ ಕಾಲ ಅಂದರೆ ಮರ ಬದುಕಿದ್ದ ಕಾಲ. ಹಳೆಯ ತೊಲೆಯನ್ನು ಹೊಸ ಗೋಡೆಗೆ ಹಾಕುವುದು ನಮ್ಮ ಊರುಗಳಲ್ಲೂ ಮಾಮೂಲಿ. ಆದ್ದರಿಂದ ಯಾವುದೇ ಲೇಖನದಲ್ಲಿ ಕಾಲದ ಅಂಕಿ ಕಂಡರೆ ಎರಡು ಪ್ರಶ್ನೆ ಕೇಳಿ: ಪರೀಕ್ಷೆ ಮಾಡಿದ್ದು ಯಾವ ವಸ್ತುವನ್ನು? ಅದು ಸಿಕ್ಕಿದ್ದು ಎಲ್ಲಿ?

ನಮ್ಮ ರಾಗಿಯ ವಿಷಯದಲ್ಲೂ ಇದೇ ಕಥೆ. ಅದರ ಕಾಡುಮೂಲ ಪೂರ್ವ ಆಫ್ರಿಕಾದ ಎತ್ತರದ ನಾಡು. ಇದರ ಬಗ್ಗೆ ಸಸ್ಯವಿಜ್ಞಾನಿಗಳಲ್ಲಿ ಜಗಳವಿಲ್ಲ. ಜಗಳ ಇರುವುದು ಅದು ಭಾರತಕ್ಕೆ ಯಾವಾಗ ಬಂತು ಎಂಬುದರ ಬಗ್ಗೆ. ಹಳೆಯ ಉತ್ಖನನದ ವರದಿಗಳಲ್ಲಿ ರಾಗಿ ಎಂದು ಬರೆದಿರುವ ಸುಟ್ಟ ಕಾಳುಗಳಲ್ಲಿ ಎಷ್ಟೋ ಬೇರೆ ಕಿರುಧಾನ್ಯಗಳು ಅಂತ ಪುರಾತತ್ವಜ್ಞ ಡೋರಿಯನ್ ಫುಲ್ಲರ್ ವಾದಿಸಿದ್ದಾರೆ. ಗಿಡದ ಮೂಲ ಒಂದು ಪ್ರಶ್ನೆ, ಬಂದ ಕಾಲ ಇನ್ನೊಂದು. ಎರಡಕ್ಕೂ ಬೇರೆ ಸಾಕ್ಷಿ ಬೇಕು.

ಹೆಜ್ಜೆ 4: ಮುಗಿದ ವಾದ ಯಾವುದು, ನಡೆಯುತ್ತಿರುವುದು ಯಾವುದು ಎಂದು ಬೇರೆ ಮಾಡಿ

ಹೊಸಬರು ಎಡವುವುದು ಇಲ್ಲೇ. "ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ" ಎಂಬ ಮಾತನ್ನು ಹಿಡಿದುಕೊಂಡು, ಮುಗಿದ ಪ್ರಶ್ನೆಯನ್ನೂ ತೆರೆದಿದೆ ಎಂದು ತೋರಿಸುವವರು ಇದ್ದಾರೆ. ಗ್ರೇಟ್ ಜಿಂಬಾಬ್ವೆಯನ್ನು ಕಟ್ಟಿದವರು ಶೋನಾ ಜನರ ಪೂರ್ವಜರು. ಇದು ಮುಗಿದಿದೆ. ಶೀಬಾ ರಾಣಿ, ಪುರಾತನ ಲೆಬನಾನಿನ ಫಿನೀಷಿಯನ್ನರು, ಅರಬರು, ಯಾರನ್ನೂ ಮತ್ತೆ ಒಳಗೆ ಕರೆಯಬೇಕಿಲ್ಲ.

ತೆರೆದಿರುವುದು ಬೇರೆ, ಮತ್ತು ನನಗೆ ಹೆಚ್ಚು ಇಷ್ಟವಾದದ್ದು. ಅಲ್ಲಿ ಎಷ್ಟು ಜನ ಇದ್ದರು? ಮೊದಲು ಹದಿನೆಂಟು ಇಪ್ಪತ್ತು ಸಾವಿರ ಎನ್ನುತ್ತಿದ್ದರು. 2017ರಲ್ಲಿ ಪುರಾತತ್ವಜ್ಞ ಶಾಡ್ರೆಕ್ ಚಿರಿಕುರೆ ಮತ್ತು ಜೊತೆಗಾರರು ಹತ್ತು ಸಾವಿರಕ್ಕಿಂತ ಕಡಿಮೆ ಎಂದರು. ಎಲ್ಲ ಕಟ್ಟಡಗಳಲ್ಲೂ ಒಂದೇ ಕಾಲದಲ್ಲಿ ಜನ ತುಂಬಿರಲಿಲ್ಲ ಎಂಬುದು ಅವರ ಲೆಕ್ಕದ ತಳಹದಿ.

ರಾಜ ಎಲ್ಲಿದ್ದ? ಥಾಮಸ್ ಹಫ್‌ಮನ್ ಪ್ರಕಾರ ಗುಡ್ಡದ ಮೇಲೆ ರಾಜ, ಕಣಿವೆಯಲ್ಲಿ ರಾಣಿಯರು, ದೊಡ್ಡ ಆವರಣ ಹುಡುಗಿಯರಿಗೆ ದೀಕ್ಷೆ ಕೊಡುವ ಶಾಲೆ. ಇದಕ್ಕೆ ಅವರು ಇತ್ತೀಚಿನ ಕಾಲದ ಶೋನಾ ಮತ್ತು ವೆಂಡಾ ಜನರ ಆಚರಣೆಗಳನ್ನು ಆಧಾರ ಮಾಡಿಕೊಂಡರು. ಇತಿಹಾಸಕಾರ ಡೇವಿಡ್ ಬೀಚ್ 1998ರಲ್ಲಿ ಇದನ್ನು ಗಟ್ಟಿಯಾಗಿ ಪ್ರಶ್ನಿಸಿದರು. ಇತ್ತೀಚಿನವರ ಆಚರಣೆಯನ್ನು ಐನೂರು ವರ್ಷ ಹಿಂದಕ್ಕೆ ಒಯ್ದು ಗೋಡೆಗಳ ಮೇಲೆ ಹೊದಿಸಬಹುದೇ ಎಂಬುದು ಅವರ ತಕರಾರು. 2008ರಲ್ಲಿ ಚಿರಿಕುರೆ ಮತ್ತು ಇನೊಸೆಂಟ್ ಪಿಕಿರಾಯಿ ಬೇರೆಯೇ ಚಿತ್ರ ಕೊಟ್ಟರು. ಒಬ್ಬ ರಾಜ ಸತ್ತ ಮೇಲೆ ಮುಂದಿನವನು ತನ್ನ ಜಾಗದಿಂದಲೇ ಆಳುತ್ತಾನೆ, ಹಾಗಾಗಿ ಅಧಿಕಾರದ ಕೇಂದ್ರ ಗುಡ್ಡದಿಂದ ಆವರಣಕ್ಕೆ, ಅಲ್ಲಿಂದ ಕಣಿವೆಗೆ ಸಾಗಿತು ಎಂದರು. ಒಂದೇ ಗೋಡೆಗಳು. ಒಬ್ಬರು ಅವನ್ನು ಒಂದೇ ಕಾಲದ ನಕ್ಷೆಯಾಗಿ ಓದಿದರು, ಇನ್ನಿಬ್ಬರು ಒಂದಾದ ಮೇಲೊಂದು ಬಂದ ಕಾಲಗಳಾಗಿ ಓದಿದರು. ಚಿರಿಕುರೆ, ಪಿಕಿರಾಯಿ ಇಬ್ಬರೂ ಜಿಂಬಾಬ್ವೆಯವರು. ತಮ್ಮ ನಾಡಿನ ಕಲ್ಲುಗಳ ಬಗ್ಗೆ ಆ ನಾಡಿನವರೇ ವಾದ ಹೂಡುತ್ತಿರುವುದು ನೋಡಲು ಖುಷಿ. ಹಾಗಂತ ಅವರ ವಾದವನ್ನು ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ಕಟ್ಟಡಗಳ ಕಾಲ ನಿಜಕ್ಕೂ ಒಂದಾದ ಮೇಲೊಂದು ಬರುತ್ತದೆಯೇ ಎಂಬುದನ್ನೇ ಪರೀಕ್ಷಿಸಬೇಕು.

ಹೆಜ್ಜೆ 5: ಭಾಷೆ, ರಕ್ತ, ಕಸುಬು, ಮೂರನ್ನೂ ಬೇರೆ ಬೇರೆ ಇಡಿ

ಶೋನಾ, ಜುಲು, ಸ್ವಾಹಿಲಿ, ಕಿಕುಯು, ಹೀಗೆ ಸುಮಾರು ಐನೂರು ಭಾಷೆಗಳು ಬಾಂಟು ಎಂಬ ಒಂದೇ ಗುಂಪಿಗೆ ಸೇರಿವೆ. ಕ್ಯಾಮರೂನ್‌ನಿಂದ ದಕ್ಷಿಣ ಆಫ್ರಿಕಾದ ತನಕ ಹರಡಿವೆ. ಇವು ಎಲ್ಲಿಂದ ಹೊರಟವು? 20ನೇ ಶತಮಾನದ ನಡುವೆ ಇಬ್ಬರು ಭಾಷಾವಿಜ್ಞಾನಿಗಳು ತದ್ವಿರುದ್ಧ ಉತ್ತರ ಕೊಟ್ಟರು. ಬಾಂಟುವಿನ ಹತ್ತಿರದ ನೆಂಟ ಭಾಷೆಗಳೆಲ್ಲ ನೈಜೀರಿಯಾ-ಕ್ಯಾಮರೂನ್ ಗಡಿಯಲ್ಲಿವೆ, ಆದ್ದರಿಂದ ಮೂಲ ಅಲ್ಲೇ ಎಂದು ಜೋಸೆಫ್ ಗ್ರೀನ್‌ಬರ್ಗ್. ಎಲ್ಲಕ್ಕೂ ಸಾಮಾನ್ಯವಾದ ಬೇರುಪದಗಳು ಅತಿ ಹೆಚ್ಚು ಉಳಿದಿರುವುದು ದಕ್ಷಿಣ ಕಾಂಗೊ ಸುತ್ತಮುತ್ತ, ಆದ್ದರಿಂದ ಮೂಲ ಅಲ್ಲಿ ಎಂದು ಮಾಲ್ಕಮ್ ಗಥ್ರಿ. ಇಬ್ಬರ ಬಳಿಯೂ ಇದ್ದದ್ದು ಭಾಷೆಗಳೇ. ಅಳೆಯುವ ಕೋಲು ಬೇರೆಯಾಗಿತ್ತು. ಕೊನೆಗೆ ನಿಂತದ್ದು ಗ್ರೀನ್‌ಬರ್ಗ್ ವಾದ. ಹೊರಟ ಕಾಲ ಸುಮಾರು ನಾಲ್ಕೈದು ಸಾವಿರ ವರ್ಷ ಹಿಂದೆ.

ಆದರೆ ಭಾಷೆ ಹರಡಿತು ಎಂದರೆ ಜನ ನಡೆದು ಹೋದರು ಎಂದೇ? ಅಕ್ಕಪಕ್ಕದವರು ಭಾಷೆ ಕಲಿತು ತಮ್ಮದಾಗಿಸಿಕೊಂಡಿರಬಹುದಲ್ಲ? ಇತಿಹಾಸಕಾರ ಯಾನ್ ವಾನ್ಸಿನಾ 1995ರಲ್ಲಿ ಒಂದೇ ದೊಡ್ಡ ವಲಸೆ ಎಂಬ ಕಲ್ಪನೆಯನ್ನೇ ಕೈಬಿಡಬೇಕು ಎಂದರು. 2023ರ ಕೊನೆಗೆ ಪ್ರಕಟವಾದ ಒಂದು ಅಧ್ಯಯನ 14 ದೇಶಗಳ 1,763 ಜನರ ಡಿಎನ್‌ಎ ನೋಡಿತು. ಪಶ್ಚಿಮದ ಮೂಲದಿಂದ ದೂರ ಹೋದಷ್ಟೂ ಬಾಂಟು ಭಾಷಿಕರಲ್ಲಿ ವಂಶವಾಹಿಗಳ ವೈವಿಧ್ಯ ಕಡಿಮೆಯಾಗುತ್ತಾ ಹೋಗುತ್ತದೆ ಎಂದು ಕಂಡಿತು. ಅಂದರೆ ಜನರೂ ಸಾಗಿದ್ದರು, ಸಾಗಿದ ದಾರಿಯಲ್ಲಿ ಅಲ್ಲಿಯವರೊಂದಿಗೆ ಬೆರೆತಿದ್ದರು. ಈ ಒಂದು ಪ್ರಶ್ನೆಗೆ ಡಿಎನ್‌ಎ ಒಳ್ಳೆಯ ಸಾಕ್ಷಿ. ಅವರು ಏನು ಉಂಡರು, ಯಾರನ್ನು ಒಡೆಯ ಎಂದು ಒಪ್ಪಿದರು ಎಂಬುದನ್ನು ಅದು ಹೇಳುವುದಿಲ್ಲ.

ಈ ಮೂರನ್ನು ಒಟ್ಟು ಕಲಸಿದರೆ ಏನಾಗುತ್ತದೆ ಎಂಬುದಕ್ಕೆ ರುವಾಂಡಾ ನೋಡಿ. 1863ರಲ್ಲಿ ಜಾನ್ ಹ್ಯಾನಿಂಗ್ ಸ್ಪೀಕ್ ಎಂಬ ಪ್ರವಾಸಿ, ಪೂರ್ವ ಆಫ್ರಿಕಾದ ರಾಜಮನೆತನಗಳು ಇಥಿಯೋಪಿಯಾ ಕಡೆಯಿಂದ ಬಂದ ಮೇಲು ಜನಾಂಗದವರು ಎಂದು ಊಹಿಸಿದ. ಇದನ್ನು ಹ್ಯಾಮಿಟಿಕ್ ಸಿದ್ಧಾಂತ ಎನ್ನುತ್ತಾರೆ. ರುವಾಂಡಾದ ಎರಡು ಮುಖ್ಯ ಗುಂಪುಗಳಾದ ಹುಟು, ಟುಟ್ಸಿ ಇಬ್ಬರದೂ ಒಂದೇ ಭಾಷೆ, ಒಂದೇ ಧರ್ಮಾಚರಣೆ. ದನ ಸಾಕುವುದು, ಹೊಲ ಮಾಡುವುದು, ಅಧಿಕಾರಕ್ಕೆ ಹತ್ತಿರ ಇರುವುದು, ಇಂಥ ವ್ಯತ್ಯಾಸಗಳನ್ನು ಈ ಸಿದ್ಧಾಂತ ಬೇರೆ ಬೇರೆ ಜನಾಂಗದ ವ್ಯತ್ಯಾಸವನ್ನಾಗಿ ಮಾಡಿತು. 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಗುರುತಿನ ಚೀಟಿಯಲ್ಲಿ ಅದನ್ನು ಅಚ್ಚು ಹಾಕಿಸಿತು. 1992ರ ನವೆಂಬರ್‌ನಲ್ಲಿ ಲಿಯೋನ್ ಮುಗೆಸೆರಾ ಎಂಬ ರಾಜಕಾರಣಿ, ಟುಟ್ಸಿಗಳನ್ನು ನ್ಯಾಬರೊಂಗೊ ನದಿಯ ಮೂಲಕ ಇಥಿಯೋಪಿಯಾಕ್ಕೆ ವಾಪಸ್ ಕಳಿಸಬೇಕೆಂದು ಭಾಷಣ ಮಾಡಿದ. 1994ರಲ್ಲಿ ಲಕ್ಷಾಂತರ ಟುಟ್ಸಿಗಳ ಕೊಲೆಯಾಯಿತು. ಹೆಣಗಳು ನದಿಗಳಲ್ಲಿ ತೇಲಿದವು. ಒಬ್ಬ ಪ್ರವಾಸಿಯ ಊಹೆ ನೂರಮೂವತ್ತು ವರ್ಷ ಯಾರ ಯಾರ ಕೈ ದಾಟಿ ಅಲ್ಲಿಗೆ ಬಂತು ಎಂಬುದನ್ನು ನೆನಪಿಟ್ಟುಕೊಂಡರೆ, ಇಂಥ ವಾದಗಳನ್ನು ಪಂಡಿತರ ಹೊತ್ತು ಕಳೆಯುವ ಆಟ ಅಂತ ಯಾರೂ ಅನ್ನಲಾರರು.

ಹೆಜ್ಜೆ 6: ಬಾಯಿಂದ ಬಾಯಿಗೆ ಬಂದ ಕಥೆಯನ್ನು ಎಸೆಯಬೇಡಿ, ಹಾಗೇ ನುಂಗಲೂ ಬೇಡಿ

ಪೂರ್ವ ಆಫ್ರಿಕಾದ ಸ್ವಾಹಿಲಿ ಕರಾವಳಿಯಲ್ಲಿ ಕಿಲ್ವಾ, ಲಾಮು, ಮೊಂಬಾಸಾದಂಥ ಕಲ್ಲಿನ ಊರುಗಳಿವೆ. ತಮ್ಮ ಹಿರಿಯರು ಪರ್ಷಿಯಾದ ಶಿರಾಜ್‌ನಿಂದ ಹಡಗಿನಲ್ಲಿ ಬಂದವರು ಎಂಬ ಕಥೆ ಅಲ್ಲಿಯ ಮನೆತನಗಳಲ್ಲಿದೆ. ನೆವಿಲ್ ಚಿಟಿಕ್‌ರಂಥ ಮೊದಲ ಪುರಾತತ್ವಜ್ಞರು ಇದನ್ನು ನಂಬಿ ಊರುಗಳನ್ನು ಹೊರಗಿನವರ ವಸಾಹತು ಎಂದರು. 1980ರ ದಶಕದಲ್ಲಿ ಮಾರ್ಕ್ ಹಾರ್ಟನ್ ಲಾಮು ದ್ವೀಪಗಳ ಶಾಂಗಾದಲ್ಲಿ ಅಗೆದಾಗ ಕಲ್ಲಿನ ಮಸೀದಿಯ ಕೆಳಗೆ ಮರದ ಮಸೀದಿಗಳು, ಅದರ ಸುತ್ತ ಸ್ಥಳೀಯ ಮಡಕೆಗಳು ಕಂಡವು. ಊರು ನೆಲದಿಂದಲೇ ಬೆಳೆದಿತ್ತು. ಅಲ್ಲಿಂದ ಮುಂದೆ ಶಿರಾಜ್ ಕಥೆ ಬರೀ ಪ್ರತಿಷ್ಠೆಗಾಗಿ ಹೆಣೆದದ್ದು ಎಂಬ ಮಾತು ಬಲವಾಯಿತು.

2023ರಲ್ಲಿ ಈ ಕರಾವಳಿಯ ಹಳೆಯ ಸಮಾಧಿಗಳ 80 ಜನರ ಡಿಎನ್‌ಎ ಫಲಿತಾಂಶ ಬಂತು. ತಾಯಿಯ ಕಡೆಯ ವಂಶ ಹೆಚ್ಚಾಗಿ ಆಫ್ರಿಕಾದ್ದು. ತಂದೆಯ ಕಡೆಯಲ್ಲಿ ಏಷ್ಯಾ, ಅದರಲ್ಲೂ ಬಹುಪಾಲು ಪರ್ಷಿಯಾ, ಸ್ವಲ್ಪ ಭಾರತ. ಬೆರೆಯಲು ಶುರುವಾದದ್ದು ಕ್ರಿ.ಶ. 1000ದ ಸುಮಾರಿಗೆ. ಕಥೆಯಲ್ಲಿ ಸತ್ಯದ ಎಳೆ ಇತ್ತು! ಆದರೂ ಅಗೆದು ಸಿಕ್ಕಿದ್ದೂ ಸುಳ್ಳಾಗಲಿಲ್ಲ. ಪರ್ಷಿಯಾದ ವ್ಯಾಪಾರಿಗಳು ಬರುವ ಮೊದಲೇ ಊರು ಇತ್ತು, ಬಂದವರು ಅಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾದರು, ಮಕ್ಕಳು ಆಡಿದ್ದು ತಾಯಿಯ ನುಡಿ. ಸಮಾಧಿಗಳಲ್ಲಿ ಹಲವು ಊರಿನ ಸಿರಿವಂತರದು ಎಂಬುದನ್ನೂ ಗಮನಿಸಿ. ಹೊಲದಲ್ಲಿ ದುಡಿದವರ ಡಿಎನ್‌ಎ ಬೇರೆ ಕಥೆ ಹೇಳಬಹುದು.

ಹೆಜ್ಜೆ 7: ಅಂಕಿ ಕಂಡರೆ, ಎಣಿಸಿದ್ದು ಏನನ್ನು ಎಂದು ಕೇಳಿ

ಅಟ್ಲಾಂಟಿಕ್ ಗುಲಾಮರ ವ್ಯಾಪಾರದ ಲೆಕ್ಕ ಇದಕ್ಕೆ ಒಳ್ಳೆಯ ಉದಾಹರಣೆ. 1969ರಲ್ಲಿ ಇತಿಹಾಸಕಾರ ಫಿಲಿಪ್ ಕರ್ಟಿನ್ ಅಮೆರಿಕ ಖಂಡಗಳಿಗೆ ಮುಟ್ಟಿದವರು ಸುಮಾರು 95 ಲಕ್ಷ ಎಂದರು. ಇದು ತೀರಾ ಕಡಿಮೆ ಎಂದು ನೈಜೀರಿಯಾದ ಜೋಸೆಫ್ ಇನಿಕೋರಿ ವಾದಿಸಿದರು. ಆಮೇಲೆ ಹಡಗಿನ ದಾಖಲೆಗಳನ್ನು ಒಂದೊಂದಾಗಿ ಕೂಡಿಸಿ ಸುಮಾರು 36 ಸಾವಿರ ಪಯಣಗಳ ಡೇಟಾಬೇಸ್ ಮಾಡಿದ್ದಾರೆ. ಅದರ ಹೆಸರು 'ಸ್ಲೇವ್ ವಾಯೇಜಸ್'. ಯಾರು ಬೇಕಾದರೂ ಉಚಿತವಾಗಿ ತೆರೆದು ನೋಡಬಹುದು. ಅದರ ಅಂದಾಜಿನಂತೆ ಹಡಗು ಹತ್ತಿಸಿದ್ದು ಸುಮಾರು 1 ಕೋಟಿ 25 ಲಕ್ಷ ಜನರನ್ನು, ಇಳಿದದ್ದು 1 ಕೋಟಿ 7 ಲಕ್ಷ. ನಡುವಿನ 18 ಲಕ್ಷ ಜನ ಸಮುದ್ರದಲ್ಲೇ ಸತ್ತರು. ಹಿಡಿಯುವಾಗ ಸತ್ತವರು, ಬಂದರಿಗೆ ನಡೆಸುವಾಗ ಸತ್ತವರು, ಸಹಾರಾ ದಾಟಿ, ಹಿಂದೂ ಮಹಾಸಾಗರ ದಾಟಿ ಹೋದವರು ಈ ಲೆಕ್ಕದಲ್ಲಿಲ್ಲ. ಇಬ್ಬರು ಜಗಳವಾಡುತ್ತಿದ್ದರೆ ಒಬ್ಬರು ಇಳಿದವರನ್ನು, ಇನ್ನೊಬ್ಬರು ಸತ್ತವರನ್ನೂ ಸೇರಿಸಿ ಹೇಳುತ್ತಿರಬಹುದು.

ಹೆಜ್ಜೆ 8: ನಿಮಗೆ ಇಷ್ಟವಾದ ವಾದವನ್ನು ಜಾಸ್ತಿ ಪರೀಕ್ಷಿಸಿ

ವಸಾಹತು ಕಾಲದ ಸುಳ್ಳುಗಳನ್ನು ಓದಿದ ಮೇಲೆ ಮನಸ್ಸು ಇನ್ನೊಂದು ಕಡೆಗೆ ವಾಲುತ್ತದೆ. ಅದು ಸಹಜ. ಸೆನೆಗಲ್‌ನ ಶೇಖ್ ಅಂತಾ ದಿಯೋಪ್ ಪ್ರಾಚೀನ ಈಜಿಪ್ಟ್ ಕಪ್ಪು ಜನರ ನಾಗರಿಕತೆ ಎಂದು ಜೀವನವಿಡೀ ವಾದಿಸಿದರು. 1974ರಲ್ಲಿ ಕೈರೊದಲ್ಲಿ ಯುನೆಸ್ಕೊ ಇದಕ್ಕೆಂದೇ ವಿದ್ವಾಂಸರ ಸಭೆ ಕರೆಯಿತು. ದಿಯೋಪ್ ಮತ್ತು ಕಾಂಗೊದ ಥಿಯೋಫಿಲ್ ಒಬೆಂಗಾ ತಯಾರಿ ಮಾಡಿಕೊಂಡು ಬಂದಷ್ಟು ಎದುರಿನವರು ಬಂದಿರಲಿಲ್ಲ. ಈಜಿಪ್ಟನ್ನು ಆಫ್ರಿಕಾದಿಂದ ಕತ್ತರಿಸಿ ಯುರೋಪಿನ ಪಕ್ಕಕ್ಕೆ ಇಡುವ ಚಾಳಿಗೆ ಅವರು ಕೊಟ್ಟ ಪೆಟ್ಟು ದೊಡ್ಡದು. ಅದಕ್ಕಾಗಿ ನನಗೆ ಅವರ ಮೇಲೆ ತುಂಬ ಗೌರವವಿದೆ. ಆದರೆ ಇಂದಿನ ಬಿಳಿ-ಕಪ್ಪು ಎಂಬ ಎರಡೇ ಪೆಟ್ಟಿಗೆಯಲ್ಲಿ ಮೂರು ಸಾವಿರ ವರ್ಷದ ನೈಲ್ ಕಣಿವೆಯನ್ನು ತುಂಬಲು ಆಗುವುದಿಲ್ಲ. ಎದುರು ಪಕ್ಷದವರಿಗೂ ಇದೇ ಮಾತು. 2017ರಲ್ಲಿ ಅಬುಸಿರ್ ಎಲ್-ಮೆಲೆಕ್‌ನ ಮಮ್ಮಿಗಳ ಡಿಎನ್‌ಎ ಪಶ್ಚಿಮ ಏಷ್ಯಾಕ್ಕೆ ಹತ್ತಿರ ಎಂದು ಬಂದಾಗ, ವಾದ ಮುಗಿಯಿತು ಎಂದು ಹಲವರು ಬರೆದರು. ಅದು ಉತ್ತರದ ಒಂದೇ ಊರು. ಪೂರ್ತಿ ಜೀನೋಮ್ ಮಟ್ಟದ ಮಾಹಿತಿ ಸಿಕ್ಕಿದ್ದು ಮೂವರದು ಮಾತ್ರ.

ಮೂಲದಲ್ಲೇ ಓದಬೇಕು ಅನಿಸಿದರೆ ಆಫ್ರಿಕಾದ ಇತಿಹಾಸದ ಬಗ್ಗೆ ಯುನೆಸ್ಕೊ ತಂದ ಎಂಟು ಸಂಪುಟಗಳು ಆನ್‌ಲೈನ್‌ನಲ್ಲಿ ಉಚಿತ. ಕೈರೊ ಸಭೆಯ ವರದಿ ಎರಡನೆಯ ಸಂಪುಟದಲ್ಲಿದೆ. ಒಪ್ಪದವರ ಮಾತುಗಳನ್ನೂ ಅಲ್ಲೇ ಅಚ್ಚು ಹಾಕಿದ್ದಾರೆ.

ಹೆಜ್ಜೆ 9: ನಮ್ಮ ನೆಲದ ಪ್ರಶ್ನೆಗೆ ಇದನ್ನೇ ಹಚ್ಚಿ ನೋಡಿ

ಯಲ್ಲಾಪುರ, ಹಳಿಯಾಳ, ಅಂಕೋಲಾ, ಖಾನಾಪುರ, ಕಲಘಟಗಿ ಕಡೆಯ, ಆಫ್ರಿಕಾ ಮೂಲದ ಸಿದ್ದಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮಲಿಕ್ ಅಂಬರ್‌ನಿಂದ ಶುರು ಮಾಡುತ್ತಾರೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದ್‌ನಗರದ ರಾಜ್ಯವನ್ನೇ ನಡೆಸಿ, 1626ರಲ್ಲಿ ತೀರಿಕೊಂಡ ಸೇನಾನಿ. ವಿಜಯಪುರದ ಆದಿಲ್‌ಶಾಹಿ ದರ್ಬಾರಿನ ಇಖ್ಲಾಸ್ ಖಾನ್ ಕೂಡ ಆಫ್ರಿಕಾ ಮೂಲದವನೇ. ಇವರ ದಾರಿ ಬೇರೆ, ಕಾಡಂಚಿನ ಸಿದ್ದಿಗಳ ದಾರಿ ಬೇರೆ ಇರಬಹುದು. ಗೋವಾದ ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಜನರನ್ನು ತಂದು ಮಾರುತ್ತಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. 2011ರ ಡಿಎನ್‌ಎ ಅಧ್ಯಯನಗಳು ಸಿದ್ದಿಗಳ ಆಫ್ರಿಕಾ ಮೂಲ ಬಾಂಟು ಭಾಷಿಕರಿಗೆ ಹತ್ತಿರ ಎಂದವು. ಮೂಲ ಯಾವುದು, ಬಂದ ಕಾಲ ಯಾವುದು, ತಂದವರು ಯಾರು, ಕಾಡಿಗೆ ಬಂದದ್ದು ಹೇಗೆ ಎಂದು ನಾಲ್ಕು ಸಾಲು ಬರೆದುಕೊಳ್ಳಿ. ಡಿಎನ್‌ಎ ಮೊದಲ ಸಾಲಿಗೆ ಮಾತ್ರ ಚೆನ್ನಾಗಿ ಉತ್ತರ ಕೊಡುತ್ತದೆ. ಗೋವಾದ ಪೋರ್ಚುಗೀಸ್ ಕಡತಗಳು ನಡುವಿನ ಎರಡಕ್ಕೆ. ನಾಲ್ಕನೆಯದಕ್ಕೆ ಸಿದ್ದಿ ಹಿರಿಯರನ್ನೇ ಕೇಳಬೇಕು.

ಕೇಳಲು ಹೋಗುವವರು, ಉತ್ತರದಿಂದ ಯಾರಿಗೆ ಲಾಭ ಎಂಬ ಮೂರನೆಯ ಕಾಲಂ ಮರೆಯಬೇಡಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯವರು 2020ರಲ್ಲಿ. ನೀವು ಬರೆದದ್ದು ಅವರ ಹಕ್ಕಿಗೆ ಪರವಾಗಿಯೂ, ವಿರುದ್ಧವಾಗಿಯೂ ಬಳಕೆಯಾಗಬಹುದು. ಹಾಡು, ದಮಾಮಿ ಕುಣಿತದ ವಿವರ, ಹಿರಿಯರು ಹೇಳಿದ ಕಥೆ, ಏನೇ ಬರೆದುಕೊಂಡರೂ ಪಕ್ಕದಲ್ಲಿ ಹೇಳಿದ್ದು ಯಾರು, ಅವರು ಯಾರಿಂದ ಕೇಳಿದ್ದು, ಯಾವ ಊರು, ಯಾವ ದಿನ ಎಂದು ಬರೆಯಿರಿ. ಬರೆದದ್ದನ್ನು ಹೊರಗೆ ಹಾಕುವ ಮುಂಚೆ ಅವರಿಗೆ ಓದಿ ಹೇಳಿ. ಅವರು ತಿದ್ದಿದರೆ ಹಳೆಯದನ್ನು ಅಳಿಸಬೇಡಿ, ಎರಡನ್ನೂ ತಾರೀಖು ಹಾಕಿ ಇಟ್ಟುಕೊಳ್ಳಿ.